ಬೀಗ ಬಿದ್ದ ಮನೆಗಳು: ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಚಿಕ್ಕಪೇಟೆ ಕಡೆ. ನಮ್ಮ ಸಾಲಿನಲ್ಲೇ ಎರಡು ಮನೆಗಳಿಗೆ ವರ್ಷಗಳಿಂದ ಬೀಗ. ಅದರಲ್ಲಿ ಒಂದರ ಹಿಂದೆ ನಾನು ಬಿದ್ದೆ. ಯಾವ ಟೇಬಲ್‌ಗೆ ಹೋಗಬೇಕು, ಯಾವ ಕಾಗದ ಕೇಳಬೇಕು ಅನ್ನುವುದನ್ನು ಅಲೆದು ಅಲೆದು ಕಲಿತೆ. ಆಮೇಲೆ ಬೇರೆ ಬಡಾವಣೆಯವರೂ ಕೇಳತೊಡಗಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಕೋರ್ಟಿಗೆ ಹೋಗುವ ವಿಷಯವಾದರೆ ವಕೀಲರನ್ನೇ ಕೇಳಿ.

ಖಾಲಿ ಮನೆ ಅಂದ್ರೆ ಯಾವುದು? ಬೀಗ ಹಾಕಿದ್ದೆಲ್ಲ ಖಾಲಿನಾ?

ಅಲ್ಲ. ಮಗಳ ಬಾಣಂತನಕ್ಕೆ ಆರು ತಿಂಗಳು ಊರಿಗೆ ಹೋದವರ ಮನೆ ಖಾಲಿ ಮನೆ ಅಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಹಬ್ಬಕ್ಕೆ, ಜಾತ್ರೆಗೆ ಬಂದು ಹೋಗುವವರ ಮನೆಯೂ ಅಲ್ಲ. ಜನಗಣತಿಯವರು ಕೂಡ ಬೀಗ ಹಾಕಿದ ಮನೆಯನ್ನೂ ಯಾರೂ ವಾಸವಿಲ್ಲದ ಮನೆಯನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಾರೆ.

ನಾನು ಇಲ್ಲಿ ಹೇಳುತ್ತಿರುವುದು ವರ್ಷಗಟ್ಟಲೆ ಯಾರೂ ಬಾಗಿಲು ತೆಗೆಯದ ಮನೆಗಳ ಬಗ್ಗೆ. ಗುರುತು ಹಿಡಿಯುವುದು ಕಷ್ಟವಿಲ್ಲ. ಕರೆಂಟ್ ಮೀಟರ್ ಮೇಲೆ ಜೇಡರ ಬಲೆ ಇರುತ್ತದೆ. ಗೇಟಿನ ಸಂದಿಯಲ್ಲಿ ಸಿಕ್ಕಿಸಿದ ಬಿಲ್ಲುಗಳು ಬಿಸಿಲಿಗೆ ಬೆಳ್ಳಗಾಗಿರುತ್ತವೆ. ಗೋಡೆಯಲ್ಲಿ ಅರಳಿ ಸಸಿ ಬೇರು ಬಿಟ್ಟಿರುತ್ತದೆ.

ಇದು ನಿಜಕ್ಕೂ ಅಷ್ಟು ದೊಡ್ಡ ವಿಷಯವಾ?

2011ರ ಜನಗಣತಿ ಪ್ರಕಾರ ಭಾರತದ ನಗರ ಪ್ರದೇಶಗಳಲ್ಲಿ ಸುಮಾರು 1.11 ಕೋಟಿ ಮನೆಗಳು ಖಾಲಿ ಇದ್ದವು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 2012ರಲ್ಲಿ, ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಲೆಕ್ಕ ಹಾಕಿತ್ತು. ಒಂದು ಕಡೆ ಮನೆ ಇಲ್ಲ, ಇನ್ನೊಂದು ಕಡೆ ಮನೆಯಲ್ಲಿ ಜನ ಇಲ್ಲ. ಖಾಲಿ ಇದ್ದ ಮನೆಗಳೆಲ್ಲ ಬಡವರಿಗೆ ಎಟುಕುವ ಮನೆಗಳೇನಲ್ಲ, ನಿಜ. ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸುಮ್ನೆ ಇರೋಕಾಗಲ್ಲ, ಅಲ್ವಾ?

ತುಮಕೂರಿನ ಮಟ್ಟಿಗೆ ಯೋಚಿಸಿ. ಎಸ್‌ಐಟಿ, ಸಿದ್ಧಾರ್ಥದಂಥ ಕಾಲೇಜುಗಳು, ವಿಶ್ವವಿದ್ಯಾಲಯ ಎಂದು ಓದಲು ಹುಡುಗ ಹುಡುಗಿಯರು ಬರುತ್ತಲೇ ಇದ್ದಾರೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಹೊರಗಿನಿಂದ ಕೆಲಸಗಾರರು ಬರುತ್ತಾರೆ. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಸ್ಟೇಷನ್ ಹತ್ತಿರ ಮನೆ ಹುಡುಕುತ್ತಾರೆ. ಒಂದು ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ ಪಿಜಿಗಳು ಊರ ತುಂಬ ಇವೆ. ಅದೇ ಪಿಜಿ ಪಕ್ಕದಲ್ಲಿ ಮೂರು ಅಂಕಣದ ಗಟ್ಟಿ ಮನೆ ಹೆಗ್ಗಣಗಳಿಗೆ ಬಿಟ್ಟಿದ್ದಾರೆ.

ಇಷ್ಟು ಬೇಡಿಕೆ ಇರುವಾಗ ಮಾಲೀಕರು ಯಾಕೆ ಬೀಗ ಹಾಕಿಟ್ಟುಕೊಂಡಿದ್ದಾರೆ?

ಮೊದಲು ನಾನೂ ಕೊಬ್ಬು ಎಂದುಕೊಂಡಿದ್ದೆ. ದುಡ್ಡು ಜಾಸ್ತಿಯಾಗಿ ಬಿಟ್ಟಿದ್ದಾರೆ ಎಂದು ಬೈದುಕೊಂಡಿದ್ದೆ. ಹತ್ತಿರದಿಂದ ನೋಡಿದ ಮೇಲೆ ಗೊತ್ತಾಗಿದ್ದು ಬೇರೆ.

ಹಳೇ ಪೇಟೆಯಲ್ಲಿ ಹೆಚ್ಚಿನ ಮನೆಗಳ ಬೀಗ ಇರುವುದು ಬಾಗಿಲಿಗಲ್ಲ, ಕಾಗದಕ್ಕೆ. ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ತಾತ ಹೋಗಿ ಮೂವತ್ತು ವರ್ಷ. ಅವರಿಗೆ ನಾಲ್ಕು ಮಕ್ಕಳು, ಮೊಮ್ಮಕ್ಕಳು ಹನ್ನೊಂದು. ಒಬ್ಬರಿಗೆ ಮಾರಬೇಕು, ಒಬ್ಬರಿಗೆ ಉಳಿಸಿಕೊಳ್ಳಬೇಕು, ಒಬ್ಬರು ಫೋನೇ ಎತ್ತುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಹಾಗೆ. ಬಾಡಿಗೆಗೆ ಕೊಡೋಣ ಎಂದು ಒಬ್ಬರು ಹೇಳಿದರೆ, ಕರಾರು ಪತ್ರಕ್ಕೆ ಸಹಿ ಹಾಕುವವರು ಯಾರು, ಅಡ್ವಾನ್ಸ್ ದುಡ್ಡು ಯಾರ ಕೈಗೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಹೆಣ್ಣುಮಕ್ಕಳ ಪಾಲಿನ ವಿಷಯ ಇನ್ನೊಂದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಅನ್ವಯವಾಯಿತು. ಕರ್ನಾಟಕದಲ್ಲಿ 1994ರಲ್ಲೇ ಇಂಥ ತಿದ್ದುಪಡಿ ಬಂದಿತ್ತು. 2005ರ ಆ ದಿನ ಅಪ್ಪ ಬದುಕಿರಬೇಕು ಎಂದೇನೂ ಇಲ್ಲ, ಅದು ಹುಟ್ಟಿನಿಂದ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಕಾನೂನು ಸರಿಯಾಗಿಯೇ ಇದೆ. ಆದರೆ ಅಕ್ಕ ತಂಗಿಯರನ್ನು ಕೂರಿಸಿಕೊಂಡು ಮಾತಾಡುವ ಬದಲು ಸುಮ್ಮನೆ ಬೀಗ ಹಾಕಿಟ್ಟರೆ ಯಾರೂ ಕೇಳಲ್ಲ ಎಂದು ಅಣ್ಣತಮ್ಮಂದಿರು ಲೆಕ್ಕ ಹಾಕುತ್ತಾರೆ. ಇದನ್ನು ಬರೆದರೆ ಕೆಲವರಿಗೆ ಬೇಜಾರಾಗಬಹುದು. ಆದರೆ ನಾನು ನೋಡಿದ್ದು ಇದನ್ನೇ.

ಇನ್ನುಳಿದ ಕಾರಣಗಳು ಚಿಕ್ಕವು. ಬಾಡಿಗೆಗೆ ಬಂದವರು ಬಿಡುವುದಿಲ್ಲ ಎಂಬ ಹೆದರಿಕೆ. ಮದ್ರಾಸ್ ತಾರಸಿ ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿದಿದೆ, ರಿಪೇರಿಗೆ ಲಕ್ಷಗಟ್ಟಲೆ ಬೇಕು. ವಾಸ್ತು ಸರಿಯಿಲ್ಲ ಎಂದು ಯಾರೋ ಹೇಳಿದ್ದಾರೆ. ಜಾಗದ ಬೆಲೆ ಏರುತ್ತಿದೆ, ಇನ್ನೂ ಐದು ವರ್ಷ ಇರಲಿ.

ಪಾಲಿಕೆಯವರು ಬೀಗ ಒಡೆದು ಬೇರೆಯವರಿಗೆ ಬಾಡಿಗೆಗೆ ಕೊಡಬಹುದಾ?

ಆಗಲ್ಲ. ಖಾಸಗಿ ಮನೆ ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ನಮ್ಮ ಪಾಲಿಕೆ, ನಗರಸಭೆಗಳಿಗೆ ಇಲ್ಲ.

ಆದರೆ ಒಂದು ಹಳೇ ಕತೆ ಹೇಳಬೇಕು. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ, ಅದರ ಆ ಭಾಗ ಜಾರಿಯಲ್ಲಿದ್ದ ಊರುಗಳಲ್ಲಿ ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣಾಧಿಕಾರಿಗೆ ಬರೆದು ತಿಳಿಸಬೇಕಿತ್ತು. ಅಧಿಕಾರಿ ಆ ಮನೆಯನ್ನು ಬೇಕಾದವರಿಗೆ ಹಂಚಿಕೆ ಮಾಡಬಹುದಿತ್ತು. ವರ್ಗವಾಗಿ ಬಂದ ಸರ್ಕಾರಿ ನೌಕರರಿಗೆ ಹೀಗೆ ಮನೆ ಸಿಗುತ್ತಿತ್ತು ಎಂದು ಹಿರಿಯರು ಈಗಲೂ ನೆನೆಸಿಕೊಳ್ಳುತ್ತಾರೆ. ಅದೇ ಕಾಯ್ದೆಯ ಹೆದರಿಕೆಯಿಂದ ಮನೆ ಖಾಲಿ ಇರುವುದನ್ನು ಮುಚ್ಚಿಡುತ್ತಿದ್ದವರೂ ಇದ್ದರಂತೆ. ಆಮೇಲೆ 1999ರ ಬಾಡಿಗೆ ಕಾಯ್ದೆ ಬಂತು. 2001ರ ಕೊನೆಯಲ್ಲಿ ಜಾರಿಯಾಯಿತು. ಆ ಹಂಚಿಕೆ ಪದ್ಧತಿ ಅಲ್ಲಿಗೆ ಮುಗಿಯಿತು. ಅದು ವಾಪಸ್ ಬರಬೇಕು ಎಂದು ನಾನು ಹೇಳುವುದಿಲ್ಲ. ಒಂದು ಕಾಲದಲ್ಲಿ ಖಾಲಿ ಮನೆ ಸರ್ಕಾರಕ್ಕೆ ಲೆಕ್ಕಕ್ಕಿತ್ತು, ಈಗ ಇಲ್ಲ ಎಂಬುದಷ್ಟೇ ನನ್ನ ಮಾತು.

ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ?

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್‌ಗಳ ಕೈಯಲ್ಲಿ ಎರಡು ಅಸ್ತ್ರಗಳಿವೆ. ಒಂದು ತೆರಿಗೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮನೆ ಖಾಲಿ ಬಿಟ್ಟರೆ ಕೌನ್ಸಿಲ್ ತೆರಿಗೆಯನ್ನು ಎರಡು ಪಟ್ಟು ಮಾಡಬಹುದು ಎಂದು 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ. ಐದು, ಹತ್ತು ವರ್ಷ ದಾಟಿದರೆ ಇನ್ನೂ ಜಾಸ್ತಿ. ಎರಡನೆಯದು 2004ರ ವಸತಿ ಕಾಯ್ದೆಯಲ್ಲಿರುವ ಆದೇಶ. ಎರಡು ವರ್ಷ ಖಾಲಿ ಇದ್ದು ಸುತ್ತಲಿನವರಿಗೆ ತೊಂದರೆ ಕೊಡುವ ಮನೆಯನ್ನು, ನ್ಯಾಯಮಂಡಳಿಯ ಒಪ್ಪಿಗೆ ಪಡೆದು, ಕೌನ್ಸಿಲ್ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡಬಹುದು. ಮನೆ ಮಾತ್ರ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಈ ಎರಡನೆಯದನ್ನು ಬಳಸುವುದು ತೀರಾ ಅಪರೂಪ. ನೋಟಿಸ್ ಬರುತ್ತದೆ ಎಂದು ಗೊತ್ತಾದರೆ ಸಾಕು, ಎಷ್ಟೋ ಮಾಲೀಕರು ಮಾತಿಗೆ ಬರುತ್ತಾರೆ.

ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆ ತೆರಿಗೆ ಹಾಕುತ್ತಿದೆ. ಮನೆ ಬೆಲೆಯ ಶೇ. 1ರಿಂದ ಶುರುವಾಗಿ ಈಗ ಶೇ. 3ಕ್ಕೆ ಬಂದಿದೆ. ಜಪಾನಿನಲ್ಲಿ 2023ರ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಸಿಕ್ಕವು. ಅಲ್ಲಿನ ಕಾರಣ ಬೇರೆ, ಜನಸಂಖ್ಯೆಯೇ ಕರಗುತ್ತಿದೆ. ಆದರೂ ವಾರಸುದಾರರು ಹೆಸರು ಬದಲಾಯಿಸದೆ ಬಿಟ್ಟ ಮನೆಗಳ ಗೋಳು ಕೇಳಿದರೆ ನಮ್ಮ ಚಿಕ್ಕಪೇಟೆಯದೇ ಅನ್ನಿಸುತ್ತದೆ.

ಹಾಗಾದ್ರೆ ನಮ್ಮ ಪಾಲಿಕೆ ಏನು ಮಾಡಬಹುದು?

ಖಾಲಿ ಮನೆ ಎಂದು ಅರ್ಜಿ ಕೊಟ್ಟರೆ ಏನೂ ಆಗುವುದಿಲ್ಲ. ಆ ಹೆಸರಿನ ಫೈಲೇ ಅವರಲ್ಲಿ ಇಲ್ಲ. ಸೊಳ್ಳೆ, ಬೀಳುವ ಗೋಡೆ, ಕಂದಾಯ ಬಾಕಿ. ಈ ಮೂರು ಹೆಸರಿನ ಫೈಲುಗಳಿವೆ. ನಿಮ್ಮ ಮನೆ ಪಕ್ಕದ ಕತೆ ಯಾವುದಕ್ಕೆ ಹೊಂದುತ್ತದೋ ಆ ಬಾಗಿಲು ತಟ್ಟಬೇಕು.

ಸೊಳ್ಳೆಯಿಂದ ಶುರು ಮಾಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯ ಗಲೀಜಿನಲ್ಲಲ್ಲ, ನಿಂತ ತಿಳಿನೀರಿನಲ್ಲಿ. ಮುಚ್ಚಳ ಹೋದ ಸಂಪು, ತಾರಸಿ ಮೇಲೆ ಬಿಟ್ಟುಹೋದ ಡ್ರಮ್ಮು, ಒಡೆದ ಸಿಂಟೆಕ್ಸ್. ಖಾಲಿ ಮನೆಯಲ್ಲಿ ಇವೆಲ್ಲ ಇರುತ್ತವೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಕೊರೊನಾ ನಂತರ ಜನ ಆರೋಗ್ಯದ ದೂರನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ ದಂಡದ ನಿಯಮ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಖಾಲಿ ಸೈಟು, ಅರ್ಧಕ್ಕೆ ನಿಂತ ಕಟ್ಟಡಗಳಿಗೆ ನಗರದಲ್ಲಿ 2000 ರೂಪಾಯಿ. ದಂಡ ಚಿಕ್ಕದು. ಆದರೆ ದಂಡ ಹಾಕಬೇಕಾದರೆ ಮಾಲೀಕರು ಯಾರು ಎಂದು ಹುಡುಕಲೇಬೇಕು, ಅಲ್ವಾ? ನಮಗೆ ಬೇಕಾಗಿರುವುದು ಆ ಹುಡುಕಾಟವೇ. ಹೆಲ್ತ್ ಇನ್ಸ್‌ಪೆಕ್ಟರ್ ಒಬ್ಬರು ಬಂದು ಗೇಟಿಗೆ ನೋಟಿಸ್ ಅಂಟಿಸಿದ ಮೇಲೆ, ಇಪ್ಪತ್ತು ವರ್ಷ ಮಾತಾಡದ ಅಣ್ಣತಮ್ಮಂದಿರು ಫೋನ್ ಮಾಡಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಬೀಳುವ ಗೋಡೆ ಇದಕ್ಕಿಂತ ಗಂಭೀರ. ಜನ ವಾಸ ಇರುವ ಮಣ್ಣಿನ ಮನೆ ನೂರು ವರ್ಷ ನಿಲ್ಲುತ್ತದೆ. ವಾಸ ಬಿಟ್ಟ ಮೇಲೆ ನಾಲ್ಕು ಮಳೆಗಾಲ ಸಾಕು. ಹೆಂಚು ಜಾರಿದ ಕಡೆ ನೀರು ಇಳಿಯುತ್ತದೆ, ಮಣ್ಣು ನೆನೆದು ಹೊಟ್ಟೆ ಬಿಡುತ್ತದೆ, ಒಂದು ದಿನ ಬೀದಿಗೆ ಬೀಳುತ್ತದೆ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಅಪಾಯದ ಕಟ್ಟಡವನ್ನು ರಿಪೇರಿ ಮಾಡಿ ಅಥವಾ ಕೆಡವಿ ಎಂದು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಆಯುಕ್ತರಿಗೆ ಇದೆ. ಇಲ್ಲೊಂದು ಎಚ್ಚರ. ನೋಟಿಸ್ ಕೊಟ್ಟರೆ ಕೆಡವುವ ಕಡೆಗೇ ವಾಲುವುದು ಜಾಸ್ತಿ. ಒಳ್ಳೆ ತೊಟ್ಟಿ ಮನೆಯೊಂದು ಹೋಗಿ ಆ ಜಾಗ ಪಾರ್ಕಿಂಗ್ ಆದರೆ ಯಾರಿಗೆ ಲಾಭ? ನಿಜವಾಗಿ ಬೀಳುವ ಹಾಗಿದ್ದರೆ ಮಾತ್ರ ಈ ಬಾಗಿಲು ತಟ್ಟಿ. ಅರ್ಜಿಯಲ್ಲಿ ರಿಪೇರಿ ಎಂಬ ಪದವನ್ನು ಮೊದಲು ಬರೆಯಿರಿ.

ಕಂದಾಯ ಮೂರನೆಯದು. ಮನೆ ಖಾಲಿ ಇದೆ ಎಂದು ಆಸ್ತಿ ತೆರಿಗೆ ತಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಹತ್ತು ವರ್ಷ ಕಟ್ಟದೆ ಬಿಟ್ಟವರ ಬಾಕಿ ಎಷ್ಟಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆ ಬಾಕಿ ಆಸ್ತಿಯ ಮೇಲೆಯೇ ಕೂತಿರುತ್ತದೆ. ಮಾರುವಾಗ, ಖಾತೆ ಮಾಡಿಸುವಾಗ ತೀರಿಸಲೇಬೇಕು. ಬಿಲ್ ಕಲೆಕ್ಟರ್‌ಗೆ ಈ ಮನೆಗಳೆಲ್ಲ ಬಾಯಿಪಾಠ. ಪಟ್ಟಿ ಅವರ ತಲೆಯಲ್ಲಿದೆ, ಕಾಗದದ ಮೇಲೆ ಮಾತ್ರ ಇಲ್ಲ.

ಅರ್ಜಿ ಯಾರಿಗೆ ಕೊಡಬೇಕು?

ತುಮಕೂರು ನಗರದಲ್ಲಾದರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ. ಶಿರಾ, ತಿಪಟೂರು, ಕೋಲಾರ, ಚಿಕ್ಕಬಳ್ಳಾಪುರದಂಥ ನಗರಸಭೆಗಳಲ್ಲಿ ಪೌರಾಯುಕ್ತರಿಗೆ. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ. ಪಾಲಿಕೆ ಬಿಟ್ಟು ಉಳಿದ ಈ ಮೂರಕ್ಕೂ 1964ರ ಪುರಸಭೆಗಳ ಕಾಯ್ದೆ ಅನ್ವಯ. ವಾರ್ಡಿನ ಸದಸ್ಯರಿದ್ದರೆ ಅವರಿಗೂ ಒಂದು ಪ್ರತಿ ಕೊಡಿ. ಸದಸ್ಯರ ಅವಧಿ ಮುಗಿದು ಚುನಾವಣೆ ಆಗದೇ ಇರುವ ಕಡೆ ಆಡಳಿತಾಧಿಕಾರಿಗೆ ಪ್ರತಿ ಹೋಗಲಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಕಮ್ಮಿ ಬರೆಯಿರಿ. ನಾನು ಮೊದಲ ಸಲ ಎರಡೂವರೆ ಪುಟ ಬರೆದಿದ್ದೆ. ಒಂದು ಕಚೇರಿಯ ಗುಮಾಸ್ತರು ಓದದೆಯೇ ಪಿನ್ ಹೊಡೆದು ಇಟ್ಟರು, ಅದು ಅಲ್ಲೇ ಉಳಿಯಿತು. ಎರಡನೇ ಸಲ ಹೀಗೆ ಬರೆದೆ:

"ಮಾನ್ಯರೇ, ನಮ್ಮ ಬೀದಿಯ ಈ ಕೆಳಗಿನ ನಂಬರಿನ ಮನೆಯಲ್ಲಿ ಹಲವು ವರ್ಷಗಳಿಂದ ಯಾರೂ ವಾಸವಿಲ್ಲ. ಮುಚ್ಚಳವಿಲ್ಲದ ಸಂಪಿನಲ್ಲಿ ನೀರು ನಿಂತು ಸೊಳ್ಳೆ ಬೆಳೆಯುತ್ತಿವೆ. ರಸ್ತೆ ಕಡೆಯ ಗೋಡೆ ಬಿರುಕು ಬಿಟ್ಟಿದೆ. ಫೋಟೋ ಲಗತ್ತಿಸಿದೆ. ಸ್ಥಳ ಪರಿಶೀಲನೆ ಮಾಡಿ, ಮಾಲೀಕರಿಗೆ ಸ್ವಚ್ಛತೆ ಹಾಗೂ ರಿಪೇರಿಗೆ ನೋಟಿಸ್ ನೀಡಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ."

ಕೆಳಗೆ ಬೀದಿಯ ಹತ್ತು ಜನರ ಸಹಿ. ಫೋಟೋ ರಸ್ತೆಯಲ್ಲಿ ನಿಂತು ತೆಗೆಯಿರಿ, ಕಾಂಪೌಂಡ್ ಹತ್ತಬೇಡಿ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಆಮೇಲಿನ ಎಲ್ಲದಕ್ಕೂ ಆ ಸೀಲೇ ಆಧಾರ.

ಮಾಲೀಕರು ಯಾರು ಅಂತಾನೇ ಗೊತ್ತಿಲ್ಲ. ಹುಡುಕೋದು ಹೇಗೆ?

ಮೊದಲು ಬೀದಿಯ ಹಳೇ ಅಂಗಡಿಯವರನ್ನು ಕೇಳಿ. ಹೂವು ಮಾರುವ ಅಜ್ಜಿ, ಹಾಲು ಹಾಕುತ್ತಿದ್ದವರು, ದೇವಸ್ಥಾನದ ಅರ್ಚಕರು. ಒಂದು ಮಧ್ಯಾಹ್ನದಲ್ಲಿ ಮನೆತನದ ಪೂರ್ತಿ ಚರಿತ್ರೆ ಸಿಗುತ್ತದೆ, ಬೇಡದ್ದೂ ಸಿಗುತ್ತದೆ.

ಕಾಗದದ ದಾರಿ ಬೇಕಾದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ. ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಆ ಆಸ್ತಿಯ ಮೇಲೆ ಯಾವ ಕ್ರಯ, ಯಾವ ಅಡಮಾನ ನೋಂದಣಿಯಾಗಿದೆ ಎಂದು ಗೊತ್ತಾಗುತ್ತದೆ. ತಾತನ ಕಾಲದಿಂದ ಏನೂ ನೋಂದಣಿ ಆಗಿಲ್ಲದಿದ್ದರೆ ಅದರಲ್ಲಿ ಏನೂ ಬರುವುದಿಲ್ಲ. ಆದರೆ ಏನೂ ಬರದಿರುವುದೂ ಒಂದು ಮಾಹಿತಿಯೇ. ಭಾಗವೇ ಆಗಿಲ್ಲ ಎಂದು ಊಹಿಸಬಹುದು.

ಅರ್ಜಿ ಕೊಟ್ಟು ಎರಡು ತಿಂಗಳಾಯ್ತು, ಉತ್ತರವೇ ಇಲ್ಲ. ಮುಂದೆ?

1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ 30 ದಿನದಲ್ಲಿ ಮೇಲ್ಮನವಿ. ಕರ್ನಾಟಕದಲ್ಲಿ ಈ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಯಾಕೆ ಕ್ರಮ ತಗೊಂಡಿಲ್ಲ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ದಿನಾಂಕದ ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಕೇಳಿ. ಟಿಪ್ಪಣಿ ಹಾಳೆ ಕೇಳಿದ್ದಾರೆ ಎಂದು ಗೊತ್ತಾದ ಕೂಡಲೇ ಅದುವರೆಗೆ ಖಾಲಿ ಇದ್ದ ಹಾಳೆಯ ಮೇಲೆ ಏನಾದರೂ ಬರೆಯಲೇಬೇಕಾಗುತ್ತದೆ.

ಗೋಡೆ ಇವತ್ತೋ ನಾಳೆಯೋ ಬೀಳುವ ಹಾಗಿದ್ದರೆ ಇದಕ್ಕೆಲ್ಲ ಕಾಯಬೇಡಿ. ಉಪವಿಭಾಗಾಧಿಕಾರಿಗೆ ನೇರವಾಗಿ ಅರ್ಜಿ ಕೊಡಿ. ಅವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹೌದು. ಸಾರ್ವಜನಿಕರಿಗೆ ಅಪಾಯ ತರುವ ಕಟ್ಟಡವನ್ನು ಸರಿಪಡಿಸಿ ಎಂದು ಆದೇಶಿಸುವ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆ ಕೆಲಸ ಮಾಡುತ್ತದೆ.

ನಾವೇ ಬೀಗ ಒಡೆದು ಕ್ಲೀನ್ ಮಾಡಿಸಿದರೆ ತಪ್ಪಾ?

ತಪ್ಪು. ಅತಿಕ್ರಮ ಪ್ರವೇಶದ ಕೇಸ್ ನಿಮ್ಮ ಮೇಲೆ ಬೀಳುತ್ತದೆ. ಒಳ್ಳೇದು ಮಾಡೋಕೆ ಹೋಗಿ ಸ್ಟೇಷನ್ ಮೆಟ್ಟಿಲು ಹತ್ತಬೇಡಿ.

ನಾನೇ ಅಂಥ ಮನೆಯ ಮಾಲೀಕ. ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆ ಕೇಳುವವರು ನಾನು ಎಣಿಸಿದ್ದಕ್ಕಿಂತ ಜಾಸ್ತಿ. ಬೈಯುತ್ತೇನೆಂದು ಹೆದರಿ ಮೆಲ್ಲಗೆ ಕೇಳುತ್ತಾರೆ.

ಮೊದಲು ತಾತನ ಮರಣ ಪ್ರಮಾಣ ಪತ್ರ. ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ಇದರಲ್ಲಿ ಅತ್ತೆಯಂದಿರ, ಅಕ್ಕ ತಂಗಿಯರ ಹೆಸರು ಬಿಡಬೇಡಿ. ಬಿಟ್ಟರೆ ಹತ್ತು ವರ್ಷ ಆದಮೇಲೆ ಅದೇ ದೊಡ್ಡ ಗಂಟು. ಎಲ್ಲರೂ ಒಪ್ಪಿದರೆ ವಿಭಾಗ ಪತ್ರ, ನಮ್ಮ ಹಿರಿಯರ ಬಾಯಲ್ಲಿ ಪಾರೀಕತ್ತು. ಕೆಲವರು ಪಾಲು ಬೇಡ ಎಂದರೆ ಹಕ್ಕು ಬಿಡುಗಡೆ ಪತ್ರ. ಎರಡನ್ನೂ ನೋಂದಣಿ ಮಾಡಿಸಿ, ಬಿಳಿ ಹಾಳೆ ಒಪ್ಪಂದ ನೆಚ್ಚಿಕೊಳ್ಳಬೇಡಿ. ನೋಂದಣಿಗೆ ಈಗ ಇ-ಖಾತೆ (ಆನ್‌ಲೈನ್ ಖಾತೆ) ಬೇಕು, ಅದಕ್ಕೆ ಕಂದಾಯ ಬಾಕಿ ತೀರಿಸಬೇಕು. ಹಾಗಾಗಿ ಬಾಕಿ ಎಷ್ಟಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅನುಮೋದನೆ ಇಲ್ಲದ ಬಡಾವಣೆಯಲ್ಲಿರುವ ಮನೆಯಾದರೆ 2025ರಿಂದ ನಗರ ಸ್ಥಳೀಯ ಸಂಸ್ಥೆಗಳು ಬಿ-ಖಾತೆ ಕೊಡುತ್ತಿವೆ. ಬಿ-ಖಾತೆ ಸಿಕ್ಕಿತೆಂದು ಅಕ್ರಮ ಸಕ್ರಮವಾಯಿತು ಎಂದುಕೊಳ್ಳಬೇಡಿ.

ಭಾಗ ಆಗುವವರೆಗೆ ಮನೆಯನ್ನು ಖಾಲಿ ಇಡಲೇಬೇಕೆಂದಿಲ್ಲ. ಎಲ್ಲ ಪಾಲುದಾರರೂ ಸೇರಿ ಒಬ್ಬರಿಗೆ ಬಾಡಿಗೆ ವ್ಯವಹಾರ ನೋಡಿಕೊಳ್ಳಲು ಅಧಿಕಾರ ಪತ್ರ ಬರೆದುಕೊಡಬಹುದು. ಬಾಡಿಗೆ ಒಂದು ಜಂಟಿ ಖಾತೆಗೆ ಬೀಳಲಿ, ಮೊದಲ ವರ್ಷದ ದುಡ್ಡು ಪೂರ್ತಿ ರಿಪೇರಿಗೆ ಹೋಗಲಿ. ರಿಪೇರಿಗೆ ಕೈಯಲ್ಲಿ ಕಾಸಿಲ್ಲದವರು ಭೋಗ್ಯಕ್ಕೆ ಕೊಡುವುದೂ ಉಂಟು. ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ, ಅದರಲ್ಲಿ ತಾರಸಿ, ವೈರಿಂಗ್, ಬಚ್ಚಲು ಸರಿಮಾಡಿಸಬಹುದು. ಆದರೆ ಅವಧಿ ಮುಗಿದ ದಿನ ಆ ಮೊತ್ತ ವಾಪಸ್ ಕೊಡಬೇಕು. ಅದು ಮರೆತುಹೋಗಿ ಜಗಳಕ್ಕೆ ಬಿದ್ದವರನ್ನು ನೀವೂ ನೋಡಿರುತ್ತೀರಿ.

ಬಾಡಿಗೆಗೆ ಕೊಟ್ಟರೆ ಹನ್ನೆರಡು ವರ್ಷಕ್ಕೆ ಮನೆ ಅವರದಾಗುತ್ತಂತೆ, ನಿಜವಾ?

ಇಲ್ಲ. ಊರಿನ ಕಟ್ಟೆ ಮೇಲೆ ಹುಟ್ಟಿದ ಹೆದರಿಕೆ ಇದು. ಹನ್ನೆರಡು ವರ್ಷದ ಮಾತು 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು ನಿಜ. ಅದು ಮಾಲೀಕರ ಹಕ್ಕನ್ನು ಒಪ್ಪದೆ, ಬಹಿರಂಗವಾಗಿ ತನ್ನದೇ ಎಂದು ಕೂತವರ ವಿಷಯ. ನಿಮಗೆ ಬಾಡಿಗೆ ಕೊಟ್ಟುಕೊಂಡು ಇರುವವರು ನಿಮ್ಮನ್ನು ಮಾಲೀಕರೆಂದು ಒಪ್ಪಿಕೊಂಡೇ ಇದ್ದಾರೆ. ಕರಾರು ಪತ್ರ ಇರಲಿ, ಬಾಡಿಗೆ ಬ್ಯಾಂಕಿಗೆ ಬರಲಿ. ವರ್ಷ ಮೀರಿದ ಕರಾರಾದರೆ ನೋಂದಣಿ ಬೇಕು. ಅದನ್ನು ತಪ್ಪಿಸಲೆಂದೇ ನಮ್ಮಲ್ಲಿ ಎಲ್ಲರೂ 11 ತಿಂಗಳು ಎಂದು ಬರೆಸುವುದು.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಯಾರೂ ತಿರುಗಿ ನೋಡದ ಮನೆಗೆ ಯಾರೋ ಬಂದು ಸೇರಿಕೊಂಡು ವರ್ಷಗಟ್ಟಲೆ ಕೂತರೆ ಆ ಹನ್ನೆರಡರ ಲೆಕ್ಕ ಶುರುವಾಗುತ್ತದೆ.

ಸರ್ಕಾರದ್ದೇ ಮನೆಗಳು ಖಾಲಿ ಇದ್ದರೆ?

ಇದ್ದಾವೆ. ನೌಕರರ ಹಳೇ ಕ್ವಾರ್ಟರ್ಸ್, ಫಲಾನುಭವಿಗಳು ಬರದೇ ಉಳಿದ ಬಡವರ ಮನೆಗಳು. ಕೇಂದ್ರ ಸರ್ಕಾರ 2020ರಲ್ಲಿ, ಕೊರೊನಾದಲ್ಲಿ ವಲಸೆ ಕೆಲಸಗಾರರ ಪಾಡು ನೋಡಿದ ಮೇಲೆ, ಸರ್ಕಾರಿ ಹಣದಲ್ಲಿ ಕಟ್ಟಿ ನಗರಗಳಲ್ಲಿ ಖಾಲಿ ಬಿದ್ದ ಮನೆಗಳನ್ನು ಕಮ್ಮಿ ಬಾಡಿಗೆಗೆ ಕೊಡುವ ಯೋಜನೆ ತಂದಿತು. ದೇಶದಲ್ಲಿ ಅಂಥವು ಲಕ್ಷಕ್ಕೂ ಮೀರಿ ಇದ್ದವು. ನಿಮ್ಮ ಊರಲ್ಲಿ ಅಂಥ ಮನೆಗಳಿದ್ದರೆ ಮಾಹಿತಿ ಹಕ್ಕಿನಲ್ಲಿ ಎರಡೇ ಕೇಳಿ: ಕಟ್ಟಿದ್ದೆಷ್ಟು, ಹಂಚಿದ್ದೆಷ್ಟು.

ಕೋಲಾರ ಜಿಲ್ಲೆಯ ಕೆಜಿಎಫ್ ಕತೆ ಬೇರೆಯೇ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಕಾರ್ಮಿಕರ ಸಾಲುಮನೆಗಳು, ಅಧಿಕಾರಿಗಳ ಬಂಗಲೆಗಳು ಉಳಿದವು. ಆಸ್ತಿ ಕೇಂದ್ರ ಸರ್ಕಾರದ ಕಂಪನಿಯದು. ನಗರಸಭೆ ಬಾಗಿಲು ತಟ್ಟಿದರೆ ಅಲ್ಲಿ ಹೆಚ್ಚೇನೂ ಆಗುವುದಿಲ್ಲ.

ನಮ್ಮ ಹಳ್ಳಿಯಲ್ಲೂ ಅರ್ಧಕ್ಕರ್ಧ ಮನೆ ಬೀಗ. ಅಲ್ಲಿ ಏನು ಮಾಡೋದು?

ಗ್ರಾಮ ಪಂಚಾಯಿತಿಯ ಪಿಡಿಒಗೆ (ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಡಿ, ಗ್ರಾಮ ಸಭೆಯಲ್ಲಿ ವಿಷಯ ಎತ್ತಿ. ಗ್ರಾಮಠಾಣದ ಹಳೇ ಮನೆಗಳಿಗೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9, 11 ಆಗಿರುವುದಿಲ್ಲ. ಅದನ್ನು ಮಾಡಿಸಿಕೊಡುವ ಶಿಬಿರವನ್ನು ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಇಡಿ ಎಂದು ಕೇಳಿ. ಯುಗಾದಿಯ ಮಾರನೆ ದಿನ ಹತ್ತು ಮನೆಯ ವಾರಸುದಾರರು ಒಂದೇ ಜಗುಲಿ ಮೇಲೆ ಸಿಗುತ್ತಾರೆ. ಅದು ಬಿಟ್ಟರೆ ಯಾರಾದರೂ ಸತ್ತಾಗಲೇ.

ಒಂದೊಂದು ಮನೆಗೆ ಹೀಗೆ ಗುದ್ದಾಡುವ ಬದಲು ಪಾಲಿಕೆಯಿಂದ ದೊಡ್ಡದಾಗಿ ಏನು ಕೇಳಬಹುದು?

ಎಣಿಸಿ ಎಂದು ಕೇಳಿ. ಅಷ್ಟೇ, ಮೊದಲು. ತುಮಕೂರಿನ 35 ವಾರ್ಡುಗಳಲ್ಲಿ ಬೀಗ ಬಿದ್ದ ಮನೆ ಎಷ್ಟು ಎಂದು ಹೇಳುವ ಪಟ್ಟಿ ನಮ್ಮ ಕೈಯಲ್ಲಿ ಇಲ್ಲ. ಎಣಿಸುವುದಕ್ಕೆ ಹೊಸ ಸಮೀಕ್ಷೆಯೂ ಬೇಡ. ಐದು ವರ್ಷ ಕಂದಾಯ ಕಟ್ಟದ ಮನೆಗಳ ಪಟ್ಟಿ ಪಾಲಿಕೆಯಲ್ಲಿದೆ. ವರ್ಷವಿಡೀ ಒಂದು ಯೂನಿಟ್ಟೂ ಓಡದ ಮೀಟರ್‌ಗಳ ಪಟ್ಟಿ ಬೆಸ್ಕಾಂನಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಆಮೇಲೆ ವಾರ್ಡಿಗೊಂದು ದಿನ ಖಾತೆ ಅದಾಲತ್. ತಾತನ ಹೆಸರಿನಲ್ಲಿ ಉಳಿದ ಖಾತೆಗಳಿಗೆ ಮಾತ್ರ. ನಾಡಕಚೇರಿಯವರು, ಕಂದಾಯ ವಿಭಾಗದವರು ಒಂದೇ ಪೆಂಡಾಲಿನಲ್ಲಿ ಕೂತರೆ ಆರು ತಿಂಗಳ ಅಲೆದಾಟ ಎರಡು ದಿನಕ್ಕೆ ಇಳಿಯುತ್ತದೆ. ನೋಟಿಸಿನ ಜೊತೆಗೆ ಈ ಶಿಬಿರದ ತಾರೀಕನ್ನೂ ಅಚ್ಚು ಹಾಕಿಸಿ ಎಂದು ನಾವು ಬರೆದುಕೊಟ್ಟಿದ್ದೇವೆ. ಬರೀ ದಂಡ ಹಾಕಿದರೆ ದಂಡ ಕಟ್ಟಿ ಮತ್ತೆ ಬೀಗ ಹಾಕುತ್ತಾರೆ.

ಖಾಲಿ ಮನೆಗೆ ಹೆಚ್ಚಿನ ತೆರಿಗೆ ಹಾಕಿ ಎಂದು ಕೆಲವರು ಕೇಳುತ್ತಾರೆ. ಅದು ಪಾಲಿಕೆ ಒಂದೇ ತೀರ್ಮಾನಿಸುವ ವಿಷಯವಲ್ಲ, ಕಾಯ್ದೆ ತಿದ್ದಬೇಕು, ಅಂದರೆ ವಿಧಾನಸೌಧ. ಈಗಿರುವ ಕಂದಾಯವನ್ನೇ ವಸೂಲಿ ಮಾಡದೆ ಹೊಸದು ಹಾಕಿ ಏನು ಪ್ರಯೋಜನ ಅನ್ನುವುದು ನನ್ನ ಅನಿಸಿಕೆ.

ನೀವು ಹಿಂದೆ ಬಿದ್ದ ಆ ಮನೆ ಏನಾಯ್ತು?

ಎಲ್ಲರೂ ಕೊನೆಗೆ ಇದನ್ನೇ ಕೇಳುತ್ತಾರೆ. ಅರ್ಜಿ ಕೊಟ್ಟು ನೋಟಿಸ್ ಅಂಟುವುದಕ್ಕೆ ನಾಲ್ಕು ತಿಂಗಳು. ನೋಟಿಸ್ ನೋಡಿ ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ಬಂದರು. ತಂಗಿಯನ್ನು ಕರೆಸಲು ಇನ್ನೂ ಐದು ತಿಂಗಳು. ಅವರ ಪಾಲು ಅವರಿಗೆ ಬರೆದುಕೊಟ್ಟ ದಿನವೇ ಉಳಿದವರ ಮಾತೂ ಮುಗಿಯಿತು. ಹಿಂದಿನ ಭಾಗದ ಗೋಡೆ ಉಳಿಯಲಿಲ್ಲ, ಅದನ್ನು ಕೆಡವಿದರು. ಮುಂದಿನ ಎರಡು ಅಂಕಣಕ್ಕೆ ಹೊಸ ಹೆಂಚು ಹಾಕಿಸಿದ್ದಾರೆ. ಈಗ ಅಲ್ಲಿ ಒಬ್ಬ ಟೈಲರ್ ಸಂಸಾರ ಇದೆ. ಪಕ್ಕದ ಎರಡನೇ ಮನೆಗೆ ಮಾತ್ರ ಇನ್ನೂ ಬೀಗ. ಅದರ ಅರ್ಜಿಯ ಸೀಲು ಹೋದ ತಿಂಗಳದ್ದು.